ಪದ್ಯದ ಪ್ರತಿ ಎಲ್ಲಿ ಉಂಟು?

ತಾಳಮದ್ದಳೆಯ ಕೂಟಗಳಲ್ಲಿ ಈಗ ಅನೇಕ ಭಾಗವತರ ಮುಂದೆ ಹೊಲಿಗೆ ಬಿಟ್ಟ ಪ್ರಸಂಗ ಪುಸ್ತಕ ಇರುವುದಿಲ್ಲ, ಟ್ಯಾಬ್ ಇರುತ್ತದೆ. ಕಂಡು ಮೂಗು ಮುರಿಯುವವರು ಇದ್ದಾರೆ. ನಾನು ಆ ಗುಂಪಿನವನಲ್ಲ. ಫ್ಯಾನಿನ ಗಾಳಿಗೆ ಹಾಳೆ ಹಾರುವುದಿಲ್ಲ, ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು, ಕರೆಂಟು ಹೋದರೂ ಪದ್ಯ ಕಾಣುತ್ತದೆ. ಮಳೆಗಾಲದಲ್ಲಿ ಬೆಳಕಿಗೆ ಬರುವ ಹುಳಗಳು ಪರದೆಯ ಮೇಲೆ ಕೂರುತ್ತವೆ, ಓಡಿಸಲು ಕೈ ಬೀಸಿದರೆ ಪುಟ ಮಗುಚುತ್ತದೆ. ಅದೊಂದು ಕಷ್ಟಕ್ಕೆ ಯಾವ ಕಂಪನಿಯೂ ಇನ್ನೂ ಪರಿಹಾರ ಕಂಡುಹಿಡಿದಿಲ್ಲ.

ನಾನು ಪುತ್ತೂರು, ಸುಳ್ಯದ ಕಡೆ ಹಾಡುವ ಹವ್ಯಾಸಿ ಭಾಗವತ. ನಮ್ಮ ಬಳಗದಲ್ಲಿ ಯಾರು ಹೊಸ ಟ್ಯಾಬ್ ತಂದರೂ ಅದು ಮೊದಲು ನಮ್ಮ ಮನೆಯ ಜಗಲಿಗೆ ಬರುತ್ತದೆ. "ಸ್ವಲ್ಪ ಸರಿ ಮಾಡಿ ಕೊಡಿ" ಎನ್ನುತ್ತಾರೆ. ಸರಿ ಮಾಡುವುದೆಂದರೆ ಹೆಚ್ಚಿನದೇನಲ್ಲ, ಪ್ರಸಂಗಗಳನ್ನು ಕ್ಲೌಡ್‌ಗೆ ಹಾಕಿ, ಬೇಕಾದಾಗ ತೆರೆಯುವ ಹಾಗೆ ಮಾಡಿಕೊಡುವುದು. ಹೀಗೆ ಬಂದ ಹಿರಿಯ ಭಾಗವತರೊಬ್ಬರು ಕೇಳಿದ ಪ್ರಶ್ನೆ ಇದು: "ಅಲ್ಲ ಮಾರಾಯಾ, ಈ ಪ್ರತಿ ಟ್ಯಾಬಿನಲ್ಲಿ ಉಂಟಾ, ಗೂಗಲಿನಲ್ಲಿ ಉಂಟಾ? ಎರಡು ಕಡೆಯೂ ಉಂಟು ಅಂತ ಹೇಳ್ಬೇಡ. ಒಂದು ಹೇಳು."

ಅವರು ಅರ್ಥಧಾರಿಯಾಗಿದ್ದರೆ ಎದುರಾಳಿಗೆ ಕಷ್ಟವಾಗುತ್ತಿತ್ತು. ಕ್ಲೌಡ್ ಸ್ಟೋರೇಜಿನ ಸಕಲ ಗೊಂದಲವೂ ಆ ಒಂದು ಪ್ರಶ್ನೆಯೊಳಗೆ ಇದೆ. ಫೈಲು ಟ್ಯಾಬಿನಲ್ಲಿ ಮಾತ್ರ ಇರಬಹುದು, ಕಂಪನಿಯ ಡೇಟಾ ಸೆಂಟರಿನಲ್ಲಿ ಮಾತ್ರ ಇರಬಹುದು, ಎರಡೂ ಕಡೆ ಇರಬಹುದು. ಪರದೆಯ ಮೇಲೆ ಮೂರೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ.

ಈ ವ್ಯವಸ್ಥೆ ಹುಟ್ಟಿದ್ದೇ ಪ್ರತಿಯನ್ನು ಮರೆತು ಬಂದವರಿಗಾಗಿ. ಅಮೆರಿಕದ ಡ್ರೂ ಹೌಸ್ಟನ್ ಬಾಸ್ಟನ್‌ನಿಂದ ನ್ಯೂಯಾರ್ಕಿಗೆ ಬಸ್ಸು ಹತ್ತಿದಾಗ ಪೆನ್‌ಡ್ರೈವನ್ನು ಮನೆಯಲ್ಲೇ ಬಿಟ್ಟಿದ್ದರಂತೆ. ಆ ಕಿರಿಕಿರಿಯಲ್ಲೇ 'ಡ್ರಾಪ್‌ಬಾಕ್ಸ್' ಬರೆಯಲು ತೊಡಗಿದ್ದಾಗಿ ಅವರೇ ಹೇಳಿಕೊಂಡಿದ್ದಾರೆ. ಕಂಪನಿ ಶುರುವಾದದ್ದು 2007ರಲ್ಲಿ. 2011ರಲ್ಲಿ ಆ್ಯಪಲ್‌ನ ಐಕ್ಲೌಡ್ ಬಂತು, 2012ರ ಏಪ್ರಿಲ್‌ನಲ್ಲಿ ಗೂಗಲ್ ಡ್ರೈವ್. ಈಗ ಆಂಡ್ರಾಯ್ಡ್ ಟ್ಯಾಬ್ ಕೊಂಡರೆ ಡ್ರೈವ್ ಸಾಮಾನ್ಯವಾಗಿ ಒಳಗೇ ಬಂದಿರುತ್ತದೆ. ಐಪ್ಯಾಡಿನಲ್ಲಿ 'ಫೈಲ್ಸ್' ಎಂಬ ಆ್ಯಪಿನೊಳಗೆ ಐಕ್ಲೌಡ್ ಇರುತ್ತದೆ, ಬೇಕಿದ್ದರೆ ಗೂಗಲ್ ಡ್ರೈವನ್ನೂ ಹಾಕಿಕೊಳ್ಳಬಹುದು. ಪುಕ್ಕಟೆ ಸಿಗುವ ಜಾಗ ಗೂಗಲಿನಲ್ಲಿ 15 ಜಿಬಿ, ಆ್ಯಪಲ್‌ನಲ್ಲೂ ಮೈಕ್ರೋಸಾಫ್ಟಿನ ಒನ್‌ಡ್ರೈವಿನಲ್ಲೂ 5 ಜಿಬಿ, ಡ್ರಾಪ್‌ಬಾಕ್ಸಿನಲ್ಲಿ 2 ಜಿಬಿ. ನಮ್ಮ ಬಳಗದಲ್ಲಿ ಹೆಚ್ಚಿನವರದ್ದು ಆಂಡ್ರಾಯ್ಡ್, ಹಾಗಾಗಿ ನನ್ನ ಮಾತು ಗೂಗಲಿನ ಕಡೆಗೇ ವಾಲುತ್ತದೆ.

ಮೊದಲ ಕೆಲಸ ಖಾತೆ. ಟ್ಯಾಬ್ ಮಾರುವ ಅಂಗಡಿಯ ಹುಡುಗ ಅವಸರದಲ್ಲಿ ಹೊಸದೊಂದು ಜಿಮೇಲ್ ಮಾಡಿ, ತನಗೆ ತೋಚಿದ ಪಾಸ್‌ವರ್ಡ್ ಹಾಕಿ ಕೊಟ್ಟಿರುತ್ತಾನೆ. ಆ ಪಾಸ್‌ವರ್ಡ್ ಮರುದಿನ ಅವನಿಗೂ ನೆನಪಿರುವುದಿಲ್ಲ. ಅಂಥ ಖಾತೆಗೆ ಪ್ರಸಂಗ ಹಾಕಿದರೆ ಟ್ಯಾಬ್ ಕೆಟ್ಟ ದಿನ ಪ್ರಸಂಗವೂ ಹೋಯಿತು. ಆದ್ದರಿಂದ ನಾನು ಆ ಖಾತೆಯನ್ನು ತೆಗೆದು, ಅವರ ಫೋನಿನಲ್ಲಿ ಮೊದಲಿಂದ ಇರುವ ಖಾತೆಯನ್ನೇ ಟ್ಯಾಬಿಗೂ ಹಾಕುತ್ತೇನೆ. ಎರಡು ಹಂತದ ಪರಿಶೀಲನೆ ಚಾಲೂ ಮಾಡುತ್ತೇನೆ. ಸಿಮ್ ಇಲ್ಲದ, ವೈಫೈ ಮಾತ್ರ ಇರುವ ಟ್ಯಾಬಿಗೆ ಒಟಿಪಿ ಬರುವುದಿಲ್ಲ, ಅದು ಫೋನಿಗೆ ಬರುತ್ತದೆ. ಫೋನೂ ಕಳೆದುಹೋದರೆ? ಅದಕ್ಕೆಂದೇ ಗೂಗಲ್ 8 ಅಂಕಿಗಳ 10 ಬ್ಯಾಕಪ್ ಕೋಡ್ ಕೊಡುತ್ತದೆ, ಒಂದೊಂದೂ ಒಂದೇ ಬಾರಿಗೆ. ಅವನ್ನು ಕಾಗದದ ಮೇಲೆ ಬರೆಸಿ, ಜಾಗದ ಪತ್ರಗಳು ಇರುವ ಕಪಾಟಿನಲ್ಲಿ ಇಡಲು ಹೇಳುತ್ತೇನೆ. ಟ್ಯಾಬಿನ ಚೀಲದೊಳಗೆ ಇಡುವವರೂ ಇದ್ದಾರೆ. ಟ್ಯಾಬ್ ಕದ್ದವನಿಗೆ ಕೋಡನ್ನೂ ಜೊತೆಗೆ ಕೊಟ್ಟ ಹಾಗಾಯಿತು.

ಇನ್ನು ಪ್ರಸಂಗ ಹಾಕುವುದು. ಡ್ರೈವ್ ಆ್ಯಪಿನಲ್ಲಿ ಕೂಡಿಸುವ ಚಿಹ್ನೆ ಒತ್ತಿ ಒಂದು ಫೋಲ್ಡರ್ ಮಾಡುವುದು, ಅದರೊಳಗೆ 'ಸ್ಕ್ಯಾನ್' ಒತ್ತಿ ಪುಟಗಳನ್ನು ಒಂದೊಂದಾಗಿ ಹಿಡಿಯುವುದು. ಎಲ್ಲ ಪುಟ ಸೇರಿ ಒಂದೇ ಪಿಡಿಎಫ್ ಆಗುತ್ತದೆ. ಹಳೆಯ ಉಡುಪಿ ಮುದ್ರಣದ ಪುಸ್ತಕಗಳ ಕಾಗದ ತೆಳು, ಹಿಂದಿನ ಪುಟದ ಅಕ್ಷರ ಮುಂದೆ ಮೂಡುತ್ತದೆ. ಪ್ರತಿ ಹಾಳೆಯ ಅಡಿಗೆ ಕಪ್ಪು ಕಾಗದ ಇಟ್ಟು ಹಿಡಿದರೆ ಹಿಂದಿನ ಅಕ್ಷರ ಮಸುಕಾಗುತ್ತದೆ. ಟ್ಯೂಬ್‌ಲೈಟಿನ ಕೆಳಗೆ ಮಾಡಬೇಡಿ, ನಮ್ಮದೇ ತಲೆಯ ನೆರಳು ಬೀಳುತ್ತದೆ. ಬೆಳಿಗ್ಗೆ ಜಗಲಿಯ ಬೆಳಕು ಸಾಕು. ಪೆನ್ಸಿಲಿನಲ್ಲಿ ಗುರುತು ಮಾಡಿದ ರಾಗ, ತಾಳ, 'ಈ ಪದ್ಯ ಬಿಡುವುದು' ಎಂಬ ಟಿಪ್ಪಣಿ ಇವೆಲ್ಲ ಮುದ್ರಿತ ಪದ್ಯಕ್ಕಿಂತ ಬೆಲೆಬಾಳುವ ಸಂಗತಿ. ಅಂಥ ಪುಟ ಸರಿಯಾಗಿ ಬಾರದಿದ್ದರೆ ಇನ್ನೊಮ್ಮೆ ಹಿಡಿಯಲು ಬೇಸರಿಸಬಾರದು.

ಫೈಲಿಗೆ ಹೆಸರು ಇಡುವುದರಲ್ಲಿ ಜಿಪುಣತನ ಬೇಡ. ಸ್ಕ್ಯಾನ್ ಮಾಡಿದ ತಾರೀಕನ್ನೇ ಹೆಸರಾಗಿ ಬಿಟ್ಟರೆ ಕೂಟದ ಮಧ್ಯೆ 'ಪಂಚವಟಿ' ಹುಡುಕುವುದು ಹೇಗೆ? ಪ್ರಸಂಗ, ಕವಿ, ಮುದ್ರಿತವೋ ಕೈಬರಹವೋ ಎಂಬಷ್ಟನ್ನು ಹೆಸರಿನಲ್ಲೇ ಬರೆಯಿರಿ: 'ಪಂಚವಟಿ, ಪಾರ್ತಿಸುಬ್ಬ, ಮುದ್ರಿತ'. ಡ್ರೈವಿನಲ್ಲಿ ಕನ್ನಡದಲ್ಲೇ ಹುಡುಕಬಹುದು.

ಜಾಗದ ಲೆಕ್ಕ ಹೀಗೆ. ಒಂದು ಪುಟ ಅರ್ಧ ಎಂಬಿ ಎಂದು ಇಟ್ಟುಕೊಂಡರೂ 70 ಪುಟದ ಪ್ರಸಂಗ 35 ಎಂಬಿ ಆಯಿತು. 15 ಜಿಬಿಯಲ್ಲಿ ನಾಲ್ಕುನೂರು ಪ್ರಸಂಗ ಹಿಡಿಯುತ್ತವೆ. ನಾವೆಲ್ಲ ಜೀವಮಾನದಲ್ಲಿ ಅಷ್ಟು ಹಾಡುವುದಿಲ್ಲ. ಆದರೆ ಆ 15 ಜಿಬಿ ಡ್ರೈವಿಗೆ ಮಾತ್ರ ಮೀಸಲಲ್ಲ. ಜಿಮೇಲ್ ಮತ್ತು ಗೂಗಲ್ ಫೋಟೋಸ್‌ಗೂ ಅದೇ ಜಾಗ, ಆಂಡ್ರಾಯ್ಡ್‌ನಲ್ಲಿ ವಾಟ್ಸ್‌ಆ್ಯಪ್ ಬ್ಯಾಕಪ್ಪಿಗೂ ಅದೇ. 2021ರ ಜೂನ್ 1ರ ತನಕ ಸ್ವಲ್ಪ ಕುಗ್ಗಿಸಿದ ಫೋಟೊಗಳಿಗೆ ಲೆಕ್ಕ ಇರಲಿಲ್ಲ, ಆಮೇಲಿನವು ಲೆಕ್ಕಕ್ಕೆ ಬರುತ್ತವೆ. ಜಾಗವನ್ನು ನಿಜವಾಗಿ ನುಂಗುವುದು ವಿಡಿಯೊ. ಸಾಧಾರಣ ಎಚ್‌ಡಿ ಚಿತ್ರೀಕರಣಕ್ಕೆ ಆ್ಯಪಲ್ ಕೊಡುವ ಲೆಕ್ಕವೇ ನಿಮಿಷಕ್ಕೆ ಸುಮಾರು 60 ಎಂಬಿ. ಆರು ಗಂಟೆಯ ಆಟವನ್ನು ಇಡೀ ಹಿಡಿದರೆ 21 ಜಿಬಿ ದಾಟುತ್ತದೆ. ಜಾಗ ತುಂಬಿದರೆ ಪ್ರಸಂಗ ಹಾಕಲು ಆಗುವುದಿಲ್ಲ ಎಂಬಲ್ಲಿಗೆ ಮುಗಿಯುವುದಿಲ್ಲ, ಜಿಮೇಲಿಗೆ ಹೊಸ ಇಮೇಲ್ ಬರುವುದೂ ನಿಲ್ಲುತ್ತದೆ. ಬ್ಯಾಂಕಿನವರ ಪತ್ರ ಬರಲಿಲ್ಲ ಎಂದು ದೂರುವವರ ಟ್ಯಾಬ್ ತೆರೆದು ನೋಡಿದರೆ, ಯಾರದೋ ಮದುವೆಯ ವಿಡಿಯೊ ಕೂತಿರುತ್ತದೆ. 'ನಿಮ್ಮ ಜಾಗ ತುಂಬಿದೆ, ಇಲ್ಲಿ ಒತ್ತಿ' ಎಂಬ ಇಮೇಲುಗಳಲ್ಲಿ ಕಳ್ಳರವೂ ಇರುತ್ತವೆ. ಜಾಗ ಎಷ್ಟಿದೆ ಎಂಬುದನ್ನು ಡ್ರೈವ್ ಆ್ಯಪಿನೊಳಗೇ ನೋಡಬೇಕು, ಬಂದ ಲಿಂಕಿನಲ್ಲಿ ನೋಡಬಾರದು.

ಈಗ ಹಿರಿಯರ ಪ್ರಶ್ನೆಗೆ ಬರೋಣ. ನಮ್ಮ ಬಳಗದಲ್ಲಿ ಅತಿ ಹೆಚ್ಚು ಕಾಣುವ ತಪ್ಪು ತಿಳಿವಳಿಕೆ: "ನಂದು ಬ್ಯಾಕಪ್ ಆನ್ ಉಂಟು, ಎಲ್ಲ ಗೂಗಲಿನಲ್ಲಿ ಉಂಟು." ಆನ್ ಇರುವುದು ಗೂಗಲ್ ಫೋಟೋಸ್‌ನ ಬ್ಯಾಕಪ್. ಅದು ಒಯ್ಯುವುದು ಫೋಟೊ ಮತ್ತು ವಿಡಿಯೊ ಮಾತ್ರ. ಪಿಡಿಎಫ್‌ನ ಗೊಡವೆ ಅದಕ್ಕಿಲ್ಲ. ಟ್ಯಾಬಿನ ಸೆಟ್ಟಿಂಗಿನಲ್ಲಿ ಇನ್ನೊಂದು ಬ್ಯಾಕಪ್ ಇರುತ್ತದೆ, ಅದು ಆ್ಯಪುಗಳ ಮಾಹಿತಿ, ಸೆಟ್ಟಿಂಗುಗಳು ಮುಂತಾದವನ್ನು ನೋಡಿಕೊಳ್ಳುತ್ತದೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದು ಡೌನ್‌ಲೋಡ್ ಆದ ಪ್ರಸಂಗದ ಪಿಡಿಎಫ್ ಸಾಮಾನ್ಯವಾಗಿ ಎರಡಕ್ಕೂ ಸಿಗದೆ ಟ್ಯಾಬಿನಲ್ಲೇ ಉಳಿದಿರುತ್ತದೆ. ಅದನ್ನು 'ಶೇರ್' ಒತ್ತಿ, ಡ್ರೈವನ್ನು ಆರಿಸಿ, ಫೋಲ್ಡರ್ ತೋರಿಸಿ ನಾವೇ ಹಾಕಬೇಕು. ಡ್ರೈವಿನ ಪಿಡಿಎಫನ್ನು ಬೇರೊಂದು ಆ್ಯಪಿನಲ್ಲಿ ತೆರೆದು ಗುರುತು ಗೀಚುವವರಿಗೂ ಇದೇ ಮಾತು. ಗೀಚಿದ್ದು ಅನೇಕ ಸಲ ಆ ಆ್ಯಪಿನ ಪ್ರತಿಯಲ್ಲಿ ಮಾತ್ರ ಉಳಿಯುತ್ತದೆ, ಡ್ರೈವಿನದ್ದು ಹಿಂದಿನಂತೆಯೇ ಇರುತ್ತದೆ.

ಇದರ ತಿರುವುಮುರುವಿನ ಪ್ರಸಂಗ ಇನ್ನೂ ಅಪಾಯದ್ದು. ಫೈಲು ಡ್ರೈವಿನಲ್ಲಿದೆ, ಮನೆಯಲ್ಲಿ ವೈಫೈ ಇರುವಾಗ ಥಟ್ಟನೆ ತೆರೆಯುತ್ತದೆ, ಟ್ಯಾಬಿನಲ್ಲೇ ಇದೆ ಎಂದು ಅನಿಸುತ್ತದೆ. ಕೂಟ ಇರುವುದು ಘಟ್ಟದ ಬುಡದ ದೇವಸ್ಥಾನದ ಚಂದ್ರಶಾಲೆಯಲ್ಲಿ. ಅಲ್ಲಿ ನೆಟ್‌ವರ್ಕ್ ಸಿಗಬೇಕಾದರೆ ಗದ್ದೆ ದಾಟಿ ಗುಡ್ಡ ಹತ್ತಬೇಕು. ಮದ್ದಳೆಯ ಪೆಟ್ಟು ಬಿದ್ದ ಮೇಲೆ ಪರದೆಯಲ್ಲಿ ಚಕ್ರ ಸುತ್ತುತ್ತಾ ಕೂತರೆ ಭಾಗವತ ಏನು ಹಾಡಬೇಕು? ಆದ್ದರಿಂದ ಆ ರಾತ್ರಿಗೆ ಬೇಕಾದ ಫೈಲುಗಳ ಪಕ್ಕದ ಮೂರು ಚುಕ್ಕಿ ಒತ್ತಿ 'ಮೇಕ್ ಅವೈಲಬಲ್ ಆಫ್‌ಲೈನ್' ಎಂಬುದನ್ನು ಆರಿಸಬೇಕು. ಆಗ ಒಂದು ಪ್ರತಿ ಟ್ಯಾಬಿಗೆ ಇಳಿದು ಕೂರುತ್ತದೆ. ಐಪ್ಯಾಡಿನಲ್ಲಿ ಫೈಲಿನ ಬಳಿ ಕೆಳಮುಖ ಬಾಣವಿರುವ ಮೋಡದ ಚಿಹ್ನೆ ಕಂಡರೆ ಅದು ಇನ್ನೂ ಇಳಿದಿಲ್ಲ ಎಂದರ್ಥ. ಇಷ್ಟಾದ ಮೇಲೂ ಪರೀಕ್ಷೆ ಬೇಕು: ಹೊರಡುವ ಮೊದಲು ಮನೆಯಲ್ಲೇ ಏರ್‌ಪ್ಲೇನ್ ಮೋಡ್ ಹಾಕಿ, ಪ್ರಸಂಗ ತೆರೆದು, ಕೊನೆಯ ಪುಟದ ತನಕ ಸರಿಸಿ ನೋಡಿ. ಕೂಟದಲ್ಲೂ ಅದೇ ಮೋಡ್ ಇರಲಿ. ಕೃಷ್ಣ ಸಂಧಾನಕ್ಕೆ ಹೊರಟ ಹೊತ್ತಿಗೆ ಸಾಲ ಬೇಕಾ ಎಂದು ಕೇಳುವ ಸಂದೇಶ ಪದ್ಯದ ಮೇಲೆ ಬಂದು ಕೂರುವುದು ತಪ್ಪುತ್ತದೆ.

ಹಾಕುವಾಗಲೂ ನೆಟ್ಟಿನ ಲೆಕ್ಕ ತಿಳಿದಿರಬೇಕು. ಅಪ್‌ಲೋಡ್ ವೇಗ 5 ಎಂಬಿಪಿಎಸ್ ಇದ್ದರೆ 1 ಜಿಬಿ ಹತ್ತಲು ಅರ್ಧ ಗಂಟೆಗೆ ಸ್ವಲ್ಪ ಕಡಿಮೆ ಸಾಕು, ನಮ್ಮ ಕಡೆ ಅಷ್ಟು ವೇಗ ಇರುವುದು ಮಳೆ ಇಲ್ಲದ ದಿನ. 'ವೈಫೈಯಲ್ಲಿ ಮಾತ್ರ ಕಳುಹಿಸು' ಎಂಬ ಆಯ್ಕೆ ಇದೆ, ಅದನ್ನು ನಂಬಿ ಫೋನಿನ ಹಾಟ್‌ಸ್ಪಾಟ್ ಕೊಟ್ಟರೆ ಟ್ಯಾಬಿಗೆ ಅದೂ ವೈಫೈಯಂತೆಯೇ ಕಾಣಬಹುದು. ದಿನದ ಡೇಟಾ ಊಟದ ಹೊತ್ತಿಗೆ ಖಾಲಿ. ಟ್ಯಾಬಿನ ವೈಫೈ ಸೆಟ್ಟಿಂಗಿನಲ್ಲಿ ಆ ಹಾಟ್‌ಸ್ಪಾಟನ್ನು 'ಮೀಟರ್ಡ್' ಎಂದು ಗುರುತಿಸಿಟ್ಟರೆ ಹಿತ.

ಅಳಿಸುವ ವಿಷಯದಲ್ಲಿ ನಾನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ಟ್ಯಾಬಿನಲ್ಲಿ ಜಾಗ ಕಡಿಮೆ ಎಂದು ಡ್ರೈವ್ ಆ್ಯಪಿನೊಳಗೆ ಫೈಲನ್ನು ತೆಗೆದರೆ ಅದು ಫೋನಿನಿಂದ, ಕಂಪ್ಯೂಟರಿನಿಂದ, ಎಲ್ಲ ಕಡೆಯಿಂದ ಹೋಗುತ್ತದೆ. ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ, ಆಮೇಲೆ ಇಲ್ಲ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದ ಚಿತ್ರಕ್ಕೆ 60 ದಿನ. ಟ್ಯಾಬ್ ಹಗುರವಾಗಬೇಕಾದರೆ ಡ್ರೈವಿನಲ್ಲಿ ಆಫ್‌ಲೈನ್ ಗುರುತನ್ನು ತೆಗೆಯಬೇಕು, ಫೋಟೋಸ್‌ನಲ್ಲಿ 'ಫ್ರೀ ಅಪ್ ಸ್ಪೇಸ್' ಒತ್ತಬೇಕು. ಇವೆರಡು ಟ್ಯಾಬಿನ ಪ್ರತಿಯನ್ನು ಮಾತ್ರ ತೆಗೆಯುತ್ತವೆ.

ಹಂಚಿಕೊಳ್ಳುವಾಗ 'ವ್ಯೂವರ್' ಎಂದೇ ಕೊಡಿ. 'ಎಡಿಟರ್' ಕೊಟ್ಟರೆ ಉತ್ಸಾಹಿ ಮದ್ದಳೆಗಾರರೊಬ್ಬರು ಫೋಲ್ಡರನ್ನು ತಮಗೆ ಬೇಕಾದ ಹಾಗೆ ಜೋಡಿಸಿಬಿಡುತ್ತಾರೆ. ಬೇರೆಯವರು ಹಂಚಿದ ಪ್ರಸಂಗ ನಮ್ಮ ಡ್ರೈವಿನಲ್ಲಿ ಕಂಡರೂ ಅದರ ಒಡೆಯರು ಅವರೇ, ಅವರು ಪೂರ್ತಿ ಅಳಿಸಿದ ದಿನ ನಮಗೂ ಇಲ್ಲ. ಬೇಕಾದ್ದಕ್ಕೆ 'ಮೇಕ್ ಎ ಕಾಪಿ' ಒತ್ತಿ ನಮ್ಮದೊಂದು ಪ್ರತಿ ಮಾಡಿಕೊಳ್ಳುವುದು ಒಳ್ಳೆಯದು. ಪಾರ್ತಿಸುಬ್ಬನ ಪದ್ಯವನ್ನು ಊರಿಗೆಲ್ಲ ಹಂಚಿದರೆ ಕೇಳುವವರಿಲ್ಲ. ಈಗಿನ ಕವಿಗಳ ಪ್ರಸಂಗಕ್ಕೆ ಕಾಪಿರೈಟ್ ಉಂಟು, ಲೇಖಕರ ನಿಧನದ ನಂತರವೂ 60 ವರ್ಷ. ಲಿಂಕ್ ಸಿಕ್ಕಿದ ಯಾರೂ ತೆರೆಯಬಹುದು ಎಂದು ಅದನ್ನು ಬಿಡುವುದು ಸರಿಯಲ್ಲ, ಕವಿಗಳ ಒಪ್ಪಿಗೆ ಕೇಳಬೇಕು.

"ಗೂಗಲಿನಲ್ಲಿ ಹಾಕಿದ ಮೇಲೆ ಪುಸ್ತಕ ಯಾರಿಗಾದರೂ ಕೊಡ್ಬಹುದಾ?" ಎಂದು ಕೇಳುವವರಿಗೆ ನಾನು ಕೊರಿಯದ ಕತೆ ಹೇಳುತ್ತೇನೆ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯದ ಡೇಜಾನ್ ನಗರದ ಸರ್ಕಾರಿ ಡೇಟಾ ಸೆಂಟರಿಗೆ ಬೆಂಕಿ ಬಿತ್ತು. ಸರ್ಕಾರಿ ನೌಕರರು ಕಡತ ಇಡುತ್ತಿದ್ದ 'ಜಿ-ಡ್ರೈವ್' ಎಂಬ ಸಂಗ್ರಹದ 858 ಟಿಬಿ ಮಾಹಿತಿ ಸುಟ್ಟುಹೋಯಿತು. ಗೂಗಲಿಗೂ ಅದಕ್ಕೂ ಸಂಬಂಧವಿಲ್ಲ, ಅದು ಆ ಸರ್ಕಾರದ್ದೇ ವ್ಯವಸ್ಥೆ. ಬೇರೆ ಕಡೆ ಅದರ ಪ್ರತಿ ಇರಲಿಲ್ಲ. ಗೂಗಲಿನಂಥ ಕಂಪನಿಗಳು ಒಂದು ಫೈಲನ್ನು ಒಂದಕ್ಕಿಂತ ಹೆಚ್ಚು ಕಡೆ ಇಡುತ್ತವೆ, ನಿಜ. ಆದರೂ ಖಾತೆಯ ಬಾಗಿಲೇ ಮುಚ್ಚಿದರೆ ಒಳಗೆ ಹತ್ತು ಪ್ರತಿ ಇದ್ದು ಪ್ರಯೋಜನವೇನು? ಎಸ್‌ಡಿ ಕಾರ್ಡ್ ಹಾಕುವ ಜಾಗವಿರುವ ಟ್ಯಾಬಾದರೆ ಅದಕ್ಕೊಂದು, ಇಲ್ಲವಾದರೆ ಪೆನ್‌ಡ್ರೈವಿಗೊಂದು ಪ್ರತಿ ಆಗಾಗ ಹಾಕಿಡುತ್ತೇನೆ. ಕೈಬರಹದ ಪುಸ್ತಕವಂತೂ ಕಪಾಟಿನಲ್ಲೇ ಇರಲಿ.

ಆ ಹಿರಿಯ ಭಾಗವತರ ಟ್ಯಾಬಿನಲ್ಲಿ ಕೊನೆಗೆ ಉಳಿದಿದ್ದ ಕೆಲಸ ಇನ್ನೊಂದು. ಗೂಗಲ್ ಖಾತೆಯನ್ನು 2 ವರ್ಷ ಯಾರೂ ಬಳಸದಿದ್ದರೆ ಕಂಪನಿ ಅದನ್ನು ಅಳಿಸಬಹುದು. ಅದಕ್ಕೆ ಮೊದಲೇ ಹೇಳಿಡುವ ವ್ಯವಸ್ಥೆಯ ಹೆಸರು 'ಇನ್ಯಾಕ್ಟಿವ್ ಅಕೌಂಟ್ ಮ್ಯಾನೇಜರ್': ಎಷ್ಟು ತಿಂಗಳು ಸದ್ದಿಲ್ಲದಿದ್ದರೆ ಯಾರಿಗೆ ತಿಳಿಸಬೇಕು, ಯಾರಿಗೆ ಯಾವುದನ್ನು ಕೊಡಬೇಕು ಎಂದು ನಾವೇ ಬರೆದಿಡಬಹುದು, 10 ಮಂದಿಯ ತನಕ. ಇದನ್ನು ಹೇಗೆ ಹೇಳುವುದೆಂದು ನಾನು ತಡವರಿಸುತ್ತಿರುವಾಗ ಅವರೇ ನಕ್ಕು, "ನಾನು ಹೋದ ಮೇಲಿನ ಸಂಗತಿ ಅಲ್ವಾ? ಹೇಳು, ಎಂಥ ತೊಂದರೆ ಇಲ್ಲ" ಎಂದರು. 18 ತಿಂಗಳು ಎಂದು ಹಾಕಿಸಿದರು. ಮಗನ ಹೆಸರಿಗೆ ಫೋಟೊಗಳು. ಡ್ರೈವ್ ಮಾತ್ರ ಬಂಟ್ವಾಳದಲ್ಲಿರುವ ಶಿಷ್ಯೆಯ ಇಮೇಲಿಗೆ.