ಒಂದೇ ಗಾಲಿಯ ಬಂಡಿ

ಡಿ.ಇಡಿ. ಓದುವಾಗ ಪಾಠದ ಅಭ್ಯಾಸಕ್ಕೆಂದು ಮೂಡಲಗಿ ಹತ್ತಿರದ ಶಾಲೆಯೊಂದಕ್ಕೆ ಹೋಗಿದ್ದೆ. ಹೊರಗೆ ಕಬ್ಬಿನ ಬಂಡಿಯೊಂದು ಅಡ್ಡಲಾಗಿ ನಿಂತಿತ್ತು. ಅದನ್ನೇ ನೋಡಿ ಬರೆಯಿರಿ ಎಂದು ಎರಡನೇ ತರಗತಿಯವರಿಗೆ ಹೇಳಿದೆ. ಕಾಣುತ್ತಿದ್ದದ್ದು ಒಂದೇ ಗಾಲಿ. ಹುಡುಗನೊಬ್ಬ ಎರಡು ಗಾಲಿ ಪಕ್ಕಪಕ್ಕ ಬರೆದಿದ್ದ. ಕೆಂಪು ಪೆನ್ನಿನಿಂದ ಒಂದನ್ನು ಹೊಡೆದುಹಾಕಿದೆ.

‘ಒಂದ ಗಾಲಿ ಮ್ಯಾಲ ಬಂಡಿ ಹೆಂಗ ಹೊಕ್ಕೈತ್ರಿ ಸರ್?’ ಅಂದ. ತರಗತಿ ನಕ್ಕಿತು, ನಾನೂ ನಕ್ಕೆ. ಅವನು ಆ ದಿನ ಮತ್ತೆ ಪೆನ್ಸಿಲ್ ಮುಟ್ಟಲಿಲ್ಲ.

ಆಮೇಲೆ ಟಿಇಟಿಗೆ ಮನೋವಿಜ್ಞಾನ ಓದುವಾಗ ನನ್ನ ತಪ್ಪು ತಿಳಿಯಿತು. ಚಿಕ್ಕ ಮಕ್ಕಳು ಕಂಡದ್ದನ್ನಲ್ಲ, ತಿಳಿದದ್ದನ್ನು ಬರೆಯುತ್ತಾರೆ ಎಂದು ಫ್ರಾನ್ಸಿನ ಲ್ಯೂಕೆ 1927ರಲ್ಲೇ ಹೇಳಿದ್ದರು. 1972ರಲ್ಲಿ ಫ್ರೀಮನ್ ಮತ್ತು ಜಾನಿಕೌನ್ ಎಂಬ ಸಂಶೋಧಕರು ಹಿಡಿಕೆ ಹಿಂದೆ ಮರೆಯಾಗುವಂತೆ ಕಪ್ಪೊಂದನ್ನು ಮಕ್ಕಳ ಮುಂದಿಟ್ಟರು. ಚಿಕ್ಕವರಲ್ಲಿ ಹೆಚ್ಚಿನವರು ಕಾಣದ ಹಿಡಿಕೆ ಬರೆದರು, ಎದುರಿಗೇ ಇದ್ದ ಹೂವನ್ನು ಬಿಟ್ಟರು! ಹಿಡಿಕೆ ಇಲ್ಲದೆ ಅದು ಕಪ್ಪು ಹೇಗಾದೀತು?

ಗೆರೆ ಓದುವುದು ಬೇರೆ ಮಾತು. ಅದಕ್ಕೆ ಪಾಠವೇ ಬೇಡ. ಹುಕ್ಕೇರಿಯಲ್ಲಿರುವ ನಮ್ಮಜ್ಜಿಗೆ ಅಕ್ಷರ ಬಾರದು. ನಾಲ್ಕು ಉದ್ದ ಗೆರೆ, ಮೇಲೊಂದು ತೂಗುಸೇತುವೆ ಬರೆದು ತೋರಿಸಿದೆ. ‘ಗೋಕಾಕ ಫಾಲ್ಸ್ ಅಲ್ಲೇನು’ ಅಂದಳು. ನಮ್ಮ ಮನೆ ಬರೆ ಅಂದರೆ, ಮುಂಬಾಗಿಲ ಪಕ್ಕದಲ್ಲೇ ಹಿತ್ತಲ ಬಾಗಿಲನ್ನೂ ಬರೆದಳು. ನಾನು ಏನೂ ತಿದ್ದಲಿಲ್ಲ.

ಹುಡುಗನ ಹಾಳೆ ನನ್ನ ಟಿಇಟಿ ಪುಸ್ತಕದೊಳಗಿದೆ. ಅವನೀಗ ಐದನೇ ತರಗತಿಯಲ್ಲಿರಬೇಕು.