ನಿಮ್ಮಲ್ಲಿ ಎಷ್ಟು ಸೆಂಟ್ ಬಂತು?

ಮಾರ್ಚ್ ಬಂತೆಂದರೆ ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆಯ ಕಾಫಿ ಬೆಳೆಗಾರರು ಫೋನಿನಲ್ಲಿ ಮೊದಲು ವಿಚಾರಿಸುವುದು ಆರೋಗ್ಯವನ್ನಲ್ಲ, ಮಳೆಯನ್ನು. ಎಷ್ಟು ಸೆಂಟ್? ನೂರು ಸೆಂಟ್ ಅಂದರೆ ಒಂದು ಇಂಚು, 25.4 ಮಿ.ಮೀ. ದೇಶವೆಲ್ಲ ಮೆಟ್ರಿಕ್‌ಗೆ ಬಂದರೂ ತೋಟದ ಲೆಕ್ಕ ಇಂಚು ಬಿಟ್ಟಿಲ್ಲ. ಹೂಮಳೆ ಇಂಚಿನ ಆಸುಪಾಸು ಬಿದ್ದರೆ ವಾರ, ಹತ್ತು ದಿನದಲ್ಲಿ ಗಿಡ ಹೂಬಿಟ್ಟು ಬೆಳ್ಳಗಾಗುತ್ತದೆ. ಇಪ್ಪತ್ತು ಸೆಂಟ್‌ಗೇ ನಿಂತರೆ ಸ್ಪ್ರಿಂಕ್ಲರ್ ಹೂಡಬೇಕು. ಬೇಸಿಗೆ ಮಳೆ ಗುಡ್ಡದ ಆಚೆ ಸುರಿದು ಈಚೆ ಹನಿಯನ್ನೂ ಹಾಕದೆ ಹೋಗುವುದುಂಟು. ಪಕ್ಕದೂರಿನ ಲೆಕ್ಕ ನಂಬಿ ಪಂಪು ಚಾಲೂ ಮಾಡಲಾಗದು, ನಮ್ಮ ಮಳೆಯನ್ನು ನಾವೇ ಅಳೆಯಬೇಕು.

ಮಳೆ, ಗಾಳಿ, ತಾಪ, ತೇವಾಂಶ ಎಲ್ಲವನ್ನೂ ಮೊಬೈಲಿಗೆ ಕಳಿಸುವ ಹವಾಮಾನ ಯಂತ್ರಗಳು ಈಗ ಮನೆ ಬಳಕೆಗೂ ಸಿಗುತ್ತವೆ. ಇವುಗಳೊಳಗೆ ಪುಟ್ಟ ತೊಟ್ಟಿಗಳ ಜೋಡಿಯಿದೆ. ಒಂದು ತುಂಬಿ ಮಗುಚಿದಾಗ ಇನ್ನೊಂದು ಹನಿಗೆ ಬಾಯೊಡ್ಡುತ್ತದೆ. ಪ್ರತಿ ಸಲ ಮಗುಚಿದಾಗಲೂ ಇಷ್ಟು ಮಿ.ಮೀ. ಎಂಬ ಲೆಕ್ಕ, ಹೆಚ್ಚಾಗಿ 0.2ರ ಸುಮಾರು. ಜಡಿಮಳೆಯಲ್ಲಿ ತೊಟ್ಟಿ ಮಗುಚುವಷ್ಟರಲ್ಲಿ ಒಂದಿಷ್ಟು ನೀರು ಲೆಕ್ಕ ತಪ್ಪಿಸಿಕೊಳ್ಳುತ್ತದೆ. ತರಗೆಲೆ, ಜೇಡರ ಬಲೆ ಕೂತರಂತೂ ಮಳೆ ಸುರಿಯುತ್ತಿದ್ದರೂ ಮೊಬೈಲಿನಲ್ಲಿ ಸೊನ್ನೆ. ಸೌರಶಕ್ತಿಯಲ್ಲಿ ನಡೆಯುವುದಾದರೆ ಆಷಾಢದ ಮೋಡವನ್ನೂ ನೆನೆದುಕೊಂಡೇ ಕೊಳ್ಳಬೇಕು.

ಕೊಂಡ ಮೇಲೆ ಪರೀಕ್ಷೆ ಸುಲಭ. ಯಂತ್ರದ ಆಲಿಕೆಯ ಬಾಯಿ 200 ಚದರ ಸೆಂ.ಮೀ. ಇದ್ದರೆ 200 ಮಿ.ಲೀ. ನೀರನ್ನು ನಿಧಾನವಾಗಿ ಸುರಿಯಿರಿ. 10 ಮಿ.ಮೀ. ತೋರಿಸಬೇಕು.

ನನ್ನನ್ನು ಕೇಳಿದರೆ, ಮಲೆನಾಡಿನ ಮನೆಗೆ ಮೊದಲು ಬೇಕಾದದ್ದು ಆಲಿಕೆ, ಬಾಟಲಿ, ಅಳತೆಯ ಗಾಜು ಇಷ್ಟೇ ಇರುವ ಹಳೇ ಮಳೆಮಾಪಕ. ಯಂತ್ರ ಆಮೇಲೆ ಬರಲಿ. ಬಾಟಲಿ ದೊಡ್ಡದಿರಲಿ: ದಿನಕ್ಕೆ 204.5 ಮಿ.ಮೀ. ತಲುಪಿದರೆ ಹವಾಮಾನ ಇಲಾಖೆ ಅತ್ಯಂತ ಭಾರೀ ಮಳೆ ಎನ್ನುತ್ತದೆ, ಆಗುಂಬೆ, ಹುಲಿಕಲ್ ಕಡೆಯವರಿಗೆ ಅದು ಹೊಸದೇನಲ್ಲ. ಅಳತೆಯ ಗಾಜಿಗೂ ಆಲಿಕೆಗೂ ಜೋಡಿ ಇರುತ್ತದೆ. ಗಾಜು ಒಡೆದಾಗ ಬೇರೆ ಅಳತೆಯ ಮಾಪಕದ್ದನ್ನು ತಂದಿಟ್ಟರೆ ಅಲ್ಲಿಂದಾಚೆಗಿನ ಲೆಕ್ಕವೆಲ್ಲ ಹಾಳು.

ಇಡುವ ಜಾಗದ ವಿಷಯದಲ್ಲಿ ರಾಜಿ ಬೇಡ. ತಾರಸಿಯ ಮೇಲೆ ಗಾಳಿ ಹನಿಗಳನ್ನು ಹಾರಿಸಿಕೊಂಡು ಹೋಗುತ್ತದೆ, ಸಿಲ್ವರ್ ಓಕ್ ಬುಡದಲ್ಲಿ ಎಲೆಯೇ ಮಳೆ ಕುಡಿಯುತ್ತದೆ. ಮರ ಎಷ್ಟು ಎತ್ತರವೋ ಅದರ ಎರಡು ಪಟ್ಟಾದರೂ ದೂರದಲ್ಲಿ, ಬಾಯಿ ಮಟ್ಟಸವಾಗಿ ಇಡಬೇಕು. ತಾಪಮಾಪಕವಿದ್ದರೆ ಅದಕ್ಕೆ ನೆರಳೂ ಬೇಕು, ಗಾಳಿಯೂ ಆಡಬೇಕು. ಬಿಸಿಲಿಗಿಟ್ಟರೆ ಅದು ಹೇಳುವುದು ತನ್ನ ಮೈ ಕಾವನ್ನು.

ಇಲಾಖೆಯ ಮಳೆದಿನ ಬೆಳಿಗ್ಗೆ ಎಂಟೂವರೆಗೆ ಮುಗಿಯುತ್ತದೆ. ಅದೇ ಹೊತ್ತಿಗೆ ನೋಡಿದರೆ ನಿಮ್ಮ ಅಂಕಿಯನ್ನು ಪಂಚಾಯಿತಿಯ ಸ್ವಯಂಚಾಲಿತ ಮಾಪಕದ ಜೊತೆ ಹೋಲಿಸಬಹುದು. ತೋಟದ ಲೆಕ್ಕ ಬರೆಯುವ ರೈಟರುಗಳು ಪಾಲಿಸುವ ಇನ್ನೊಂದು ಶಿಸ್ತೂ ಇದೆ: ಮಳೆ ಬಾರದ ದಿನ ಸೊನ್ನೆ ಬರೆಯುತ್ತಾರೆ, ನೋಡಲಾಗದ ದಿನ ಖಾಲಿ ಬಿಡುತ್ತಾರೆ.