ರೈಡರ್‌ನ ಆಟದ ಮೌಲ್ಯಮಾಪನ (ಕಬಡ್ಡಿ)

ಕಬಡ್ಡಿಯಲ್ಲಿ ರೈಡರ್‌ನ ಆಟದ ಮೌಲ್ಯಮಾಪನ ಎಂದರೆ ಎದುರಾಳಿಯ ಅಂಕಣಕ್ಕೆ ನುಗ್ಗಿ ಅಂಕ ತರುವ ಆಟಗಾರನ ಕೊಡುಗೆಯನ್ನು ಅಂಕಿ ಅಂಶಗಳ ಮೂಲಕವೂ ಪಂದ್ಯದ ಸಂದರ್ಭದ ಮೂಲಕವೂ ಅಳೆಯುವ ಕ್ರಮ. ರೈಡರ್‌ನನ್ನು ಕನ್ನಡದಲ್ಲಿ ದಾಳಿಗಾರ ಎಂದೂ ಕರೆಯುತ್ತಾರೆ. ತಂಡದ ಅಂಕಗಳಲ್ಲಿ ದೊಡ್ಡ ಪಾಲು ಮುಖ್ಯ ರೈಡರ್‌ನ ಮೂಲಕ ಬರುವುದರಿಂದ ಗೆಲುವಿನ ಹೊಗಳಿಕೆಯೂ ಸೋಲಿನ ದೂಷಣೆಯೂ ಮೊದಲು ಆತನಿಗೇ ಸಲ್ಲುತ್ತವೆ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಆಟಗಾರನ ಸ್ಥಾನವೂ ಇದೇ ಬಗೆಯದು. ಋತುವಿನ ಮೊದಲ ಪಂದ್ಯದ ನಂತರ ಮಾಡುವ ಮೌಲ್ಯಮಾಪನ ಹೆಚ್ಚು ಚರ್ಚೆಗೆ ಒಳಗಾಗುತ್ತದೆ. ಹೆಚ್ಚು ತಪ್ಪುವುದೂ ಅದೇ.

ಅಂಕ ಗಳಿಕೆಯ ನಿಯಮಗಳು

ಪುರುಷರ ಹಿರಿಯರ ವಿಭಾಗದ ಅಂಕಣವು 13 ಮೀಟರ್ ಉದ್ದ, 10 ಮೀಟರ್ ಅಗಲವಿರುತ್ತದೆ. ತಲಾ 20 ನಿಮಿಷಗಳ ಎರಡು ಅವಧಿಗಳಲ್ಲಿ ಪಂದ್ಯ ನಡೆಯುತ್ತದೆ. ಒಂದು ದಾಳಿಗೆ 30 ಸೆಕೆಂಡು ಮಿತಿ. ಅದರಂತೆ ಒಂದು ಪಂದ್ಯದಲ್ಲಿ ಸುಮಾರು 80 ದಾಳಿಗಳು, ಅಂದರೆ ಪ್ರತಿ ತಂಡಕ್ಕೆ ಸುಮಾರು 40 ದಾಳಿಗಳು ಸಿಗುತ್ತವೆ.

ರೈಡರ್ ಎರಡು ಬಗೆಯಲ್ಲಿ ಅಂಕ ಗಳಿಸುತ್ತಾನೆ. ಎದುರಾಳಿಯನ್ನು ಮುಟ್ಟಿ ಸುರಕ್ಷಿತವಾಗಿ ಹಿಂದಿರುಗಿದರೆ ಮುಟ್ಟಿದ ಪ್ರತಿಯೊಬ್ಬನಿಗೂ ಒಂದು ಅಂಕ. ಎದುರಾಳಿ ಅಂಕಣದಲ್ಲಿ ಆರು ಅಥವಾ ಏಳು ಮಂದಿ ಇರುವಾಗ ಬೋನಸ್ ಗೆರೆಯನ್ನು ನಿಯಮಾನುಸಾರ ದಾಟಿದರೆ ಒಂದು ಬೋನಸ್ ಅಂಕ. ಎದುರಾಳಿಯ ಏಳೂ ಮಂದಿ ಹೊರಹೋದರೆ ತಂಡಕ್ಕೆ ಹೆಚ್ಚುವರಿಯಾಗಿ ಎರಡು ಅಂಕ ಸಿಗುತ್ತವೆ. ಇದನ್ನು ಲೋನಾ ಅಥವಾ ಆಲೌಟ್ ಎನ್ನುತ್ತಾರೆ.

ಮುಟ್ಟಿನ ಅಂಕಕ್ಕೂ ಬೋನಸ್ ಅಂಕಕ್ಕೂ ಮಹತ್ವದ ವ್ಯತ್ಯಾಸವಿದೆ. ಎದುರಾಳಿಯೊಬ್ಬ ಔಟಾದರೆ ರೈಡರ್‌ನ ತಂಡದಲ್ಲಿ ಹೊರಗೆ ಕುಳಿತಿರುವ ಒಬ್ಬ ಆಟಗಾರ ಅಂಕಣಕ್ಕೆ ಮರಳುತ್ತಾನೆ. ಬೋನಸ್ ಅಂಕದಿಂದ ಯಾರೂ ಮರಳುವುದಿಲ್ಲ. ಆದ್ದರಿಂದ ಫಲಕದಲ್ಲಿ ಎರಡೂ ಒಂದೊಂದೇ ಅಂಕವಾಗಿ ಕಂಡರೂ ಪಂದ್ಯದ ಗತಿಯ ಮೇಲೆ ಅವುಗಳ ಪರಿಣಾಮ ಒಂದೇ ಅಲ್ಲ.

ಮುಖ್ಯ ಮಾನದಂಡಗಳು

ದಾಳಿ ಅಂಕ: ಮುಟ್ಟಿನ ಅಂಕ ಮತ್ತು ಬೋನಸ್ ಅಂಕಗಳ ಮೊತ್ತ. ಒಂದೇ ಪಂದ್ಯದಲ್ಲಿ 10 ಅಥವಾ ಹೆಚ್ಚು ದಾಳಿ ಅಂಕ ಗಳಿಸುವುದನ್ನು ಪ್ರೊ ಕಬಡ್ಡಿ ಲೀಗ್‌ನಲ್ಲಿ 'ಸೂಪರ್ 10' ಎನ್ನುತ್ತಾರೆ.

ಯಶಸ್ವಿ ದಾಳಿಗಳ ಪ್ರಮಾಣ: ಒಟ್ಟು ದಾಳಿಗಳಲ್ಲಿ ಅಂಕ ತಂದ ದಾಳಿಗಳ ಶೇಕಡಾವಾರು ಪಾಲು.

ಸಿಕ್ಕಿಬಿದ್ದ ದಾಳಿಗಳು: ರೈಡರ್ ಎದುರಾಳಿಯ ಹಿಡಿತಕ್ಕೆ ಸಿಕ್ಕಿ ಔಟಾದ ಸಂದರ್ಭಗಳು. ಪ್ರತಿ ಬಾರಿಯೂ ಎದುರಾಳಿಗೆ ಒಂದು ಅಂಕ ಸಿಗುತ್ತದೆ. ಎದುರಾಳಿ ಅಂಕಣದಲ್ಲಿ ಮೂವರು ಅಥವಾ ಕಡಿಮೆ ಮಂದಿ ಇರುವಾಗ ಸಿಕ್ಕಿಬಿದ್ದರೆ ಅದು 'ಸೂಪರ್ ಟ್ಯಾಕಲ್'. ಆಗ ಎರಡು ಅಂಕ ಹೋಗುತ್ತವೆ.

ಖಾಲಿ ದಾಳಿಗಳು: ಅಂಕವೂ ಬಾರದೆ, ಔಟೂ ಆಗದೆ ಹಿಂದಿರುಗಿದ ದಾಳಿಗಳು. ಪ್ರೊ ಕಬಡ್ಡಿ ನಿಯಮದಂತೆ ಒಂದು ತಂಡದ ಎರಡು ದಾಳಿಗಳು ಸತತವಾಗಿ ಖಾಲಿಯಾದರೆ ಮೂರನೆಯದು 'ಮಾಡು ಇಲ್ಲವೇ ಮಡಿ' ದಾಳಿಯಾಗುತ್ತದೆ. ಅದರಲ್ಲಿ ಅಂಕ ಬಾರದಿದ್ದರೆ ರೈಡರ್ ಔಟ್.

ಸೂಪರ್ ರೈಡ್: ಒಂದೇ ದಾಳಿಯಲ್ಲಿ ಮೂರು ಅಥವಾ ಹೆಚ್ಚು ಅಂಕ ತರುವುದು.

ಲೆಕ್ಕದ ಉದಾಹರಣೆ

ದಾಳಿ ಅಂಕವೊಂದನ್ನೇ ನೋಡಿದರೆ ಚಿತ್ರ ಅಪೂರ್ಣವಾಗುತ್ತದೆ. ತಲಾ 20 ದಾಳಿ ನಡೆಸಿದ ಇಬ್ಬರು ಕಾಲ್ಪನಿಕ ರೈಡರ್‌ಗಳನ್ನು ತೆಗೆದುಕೊಳ್ಳಬಹುದು. ಮೊದಲನೆಯವನು 8 ಯಶಸ್ವಿ ದಾಳಿಗಳಲ್ಲಿ 12 ಅಂಕ ತಂದು, 8 ಬಾರಿ ಸಿಕ್ಕಿಬಿದ್ದು, 4 ಬಾರಿ ಖಾಲಿಯಾಗಿ ಮರಳಿದ್ದಾನೆ. ಎರಡನೆಯವನು 8 ಯಶಸ್ವಿ ದಾಳಿಗಳಲ್ಲಿ 9 ಅಂಕ ತಂದು, 2 ಬಾರಿ ಸಿಕ್ಕಿಬಿದ್ದು, 10 ಬಾರಿ ಖಾಲಿಯಾಗಿ ಮರಳಿದ್ದಾನೆ.

ಇಬ್ಬರ ಯಶಸ್ಸಿನ ಪ್ರಮಾಣವೂ ಶೇ 40. ಅಂಕಪಟ್ಟಿಯಲ್ಲಿ ಮೊದಲನೆಯವನೇ ಮುಂದಿದ್ದಾನೆ. ಆತನ ಹೆಸರಿಗೆ 'ಸೂಪರ್ 10' ಕೂಡ ಸೇರುತ್ತದೆ. ಆದರೆ ಸಿಕ್ಕಿಬಿದ್ದು ಎದುರಾಳಿಗೆ ಕೊಟ್ಟ ಅಂಕಗಳನ್ನು ಕಳೆದರೆ ಮೊದಲನೆಯವನ ನಿವ್ವಳ ಕೊಡುಗೆ 4, ಎರಡನೆಯವನದು 7. ಇದರ ಜೊತೆಗೆ, ಎಂಟು ಬಾರಿ ಔಟಾದ ಆಟಗಾರ ಪ್ರತಿ ಸಲವೂ ಸಹ ಆಟಗಾರರು ತನ್ನನ್ನು ಮರಳಿ ಕರೆಸುವವರೆಗೆ ಹೊರಗೆ ಕುಳಿತಿರಬೇಕಾಗುತ್ತದೆ. ಆ ಅವಧಿಯಲ್ಲಿ ತಂಡವು ತನ್ನ ಮುಖ್ಯ ರೈಡರ್ ಇಲ್ಲದೆಯೇ ಆಡುತ್ತದೆ. ಈ ನಷ್ಟ ಯಾವ ಅಂಕಪಟ್ಟಿಯಲ್ಲೂ ನೇರವಾಗಿ ಕಾಣುವುದಿಲ್ಲ.

ಹಾಗೆಂದು ಖಾಲಿ ದಾಳಿಯೂ ನಿರುಪದ್ರವಿಯಲ್ಲ. ಎರಡು ಖಾಲಿ ದಾಳಿಗಳ ನಂತರ ಬರುವ ನಿರ್ಣಾಯಕ ದಾಳಿಯ ಹೊರೆ ಬೇರೊಬ್ಬ ಆಟಗಾರನ ಮೇಲೆ ಬೀಳಬಹುದು. ಮುನ್ನಡೆಯಲ್ಲಿರುವ ತಂಡಕ್ಕೆ ಕೊನೆಯ ನಿಮಿಷಗಳಲ್ಲಿ ಖಾಲಿ ದಾಳಿ ಲಾಭದಾಯಕ. ಹಿನ್ನಡೆಯಲ್ಲಿರುವ ತಂಡಕ್ಕೆ ಅದೇ ಮಾರಕ.

ಅಂಕಿಗಳಲ್ಲಿ ಕಾಣದ ಅಂಶಗಳು

ಎದುರಾಳಿ ಅಂಕಣದಲ್ಲಿ ಎಷ್ಟು ಮಂದಿ ಇದ್ದರು ಎಂಬುದು ಮುಖ್ಯ. ಏಳು ಮಂದಿ ಸರಪಳಿ ಕಟ್ಟಿ ನಿಂತಿರುವಾಗ ಬೋನಸ್‌ಗೆ ಅವಕಾಶವಿರುತ್ತದೆ, ಆದರೆ ಮೂಲೆಯ ಆಟಗಾರರ ಹಿಡಿತದ ಅಪಾಯವೂ ಹೆಚ್ಚು. ಇಬ್ಬರೇ ಉಳಿದಿರುವಾಗ ಬೋನಸ್ ಇಲ್ಲ, ಸೂಪರ್ ಟ್ಯಾಕಲ್‌ನ ಅಪಾಯವಿದೆ, ಒಬ್ಬೊಬ್ಬನ ಅಂಕವೂ ಆಲೌಟ್‌ಗೆ ಹತ್ತಿರ ಒಯ್ಯುತ್ತದೆ.

ತಂಡದ ರಕ್ಷಣಾ ವಿಭಾಗವೂ ರೈಡರ್‌ನ ಅಂಕಿಗಳನ್ನು ರೂಪಿಸುತ್ತದೆ. ಡಿಫೆಂಡರ್‌ಗಳು ಎದುರಾಳಿ ರೈಡರ್‌ನನ್ನು ಹಿಡಿದಾಗಲೇ ಔಟಾದ ತಮ್ಮ ರೈಡರ್ ಬೇಗ ಮರಳುತ್ತಾನೆ. ದುರ್ಬಲ ರಕ್ಷಣೆಯುಳ್ಳ ತಂಡದ ರೈಡರ್‌ಗೆ ದಾಳಿಗಳೇ ಕಡಿಮೆ ಸಿಗುತ್ತವೆ. ಸಿಕ್ಕ ದಾಳಿಗಳಲ್ಲಿ ಅಪಾಯ ತೆಗೆದುಕೊಳ್ಳಬೇಕಾಗುತ್ತದೆ. ಅಂಥವನ ಕಡಿಮೆ ಅಂಕವನ್ನು ಆತನ ಅಸಾಮರ್ಥ್ಯವೆಂದು ಮಾತ್ರ ಓದುವುದು ಸರಿಯಲ್ಲ.

ಮೊದಲ ಪಂದ್ಯದ ಸಮಸ್ಯೆ

ಒಂದು ಪಂದ್ಯದಲ್ಲಿ ಮುಖ್ಯ ರೈಡರ್ ನಡೆಸುವುದು ಸುಮಾರು 20 ದಾಳಿಗಳು. ಇಷ್ಟು ಸಣ್ಣ ಸಂಖ್ಯೆಯಲ್ಲಿ ಆಕಸ್ಮಿಕದ ಪಾತ್ರ ದೊಡ್ಡದು. ಶೇ 40 ಯಶಸ್ಸಿನ ನಿಜವಾದ ಸಾಮರ್ಥ್ಯವುಳ್ಳ ಆಟಗಾರನಿಂದ 20 ದಾಳಿಗಳಲ್ಲಿ 8 ಯಶಸ್ಸನ್ನು ನಿರೀಕ್ಷಿಸಬಹುದು. ಪ್ರತಿ ದಾಳಿಯನ್ನೂ ಸ್ವತಂತ್ರ ಘಟನೆಯೆಂದು ಭಾವಿಸಿ ಸಂಭವನೀಯತೆಯ ಲೆಕ್ಕ ಹಾಕಿದರೆ, ಆತನ ಯಶಸ್ವಿ ದಾಳಿಗಳು 6ರಿಂದ 10ರ ನಡುವೆ ಇರುವ ಸಾಧ್ಯತೆ ಸುಮಾರು ಶೇ 75. ಉಳಿದ ಶೇ 25ರಷ್ಟು ಪಂದ್ಯಗಳಲ್ಲಿ, ಅಂದರೆ ನಾಲ್ಕರಲ್ಲಿ ಒಂದರಲ್ಲಿ, ಆತನ ಆಟ ಈ ಮಿತಿಗಿಂತ ಕೆಳಗೆ ಅಥವಾ ಮೇಲೆ ಹೋಗುತ್ತದೆ. ಸಾಮರ್ಥ್ಯದಲ್ಲಿ ಯಾವ ಬದಲಾವಣೆಯೂ ಇಲ್ಲದೆ ಅದೇ ಆಟಗಾರ ಒಂದು ದಿನ ವಿಫಲನಂತೆ, ಇನ್ನೊಂದು ದಿನ ಅಸಾಧಾರಣನಂತೆ ಕಾಣುತ್ತಾನೆ.

ದಾಳಿಗಳ ಸಂಖ್ಯೆ ಹೆಚ್ಚಿದಂತೆ ಈ ಏರಿಳಿತ ತಗ್ಗುತ್ತದೆ. 20 ದಾಳಿಗಳಲ್ಲಿ ಯಶಸ್ಸಿನ ಪ್ರಮಾಣದ ಪ್ರಮಾಣಿತ ದೋಷ ಸುಮಾರು 11 ಶೇಕಡಾಂಶ. 400 ದಾಳಿಗಳಲ್ಲಿ ಅದು ಸುಮಾರು 2.4ಕ್ಕೆ ಇಳಿಯುತ್ತದೆ. ಋತುವಿನ ಮೊದಲ ಪಂದ್ಯದಲ್ಲಿ ಇನ್ನೂ ಕೆಲವು ಅನಿಶ್ಚಿತತೆಗಳು ಸೇರುತ್ತವೆ: ಹೊಸ ಸಹ ಆಟಗಾರರೊಂದಿಗೆ ಹೊಂದಾಣಿಕೆ ಆಗಿರುವುದಿಲ್ಲ, ಗಾಯದಿಂದ ಮರಳಿದವರ ಸ್ಥಿತಿ ತಿಳಿದಿರುವುದಿಲ್ಲ, ಎದುರಾಳಿಗಳು ರೈಡರ್‌ನ ಈ ವರ್ಷದ ಚಲನೆಗಳನ್ನು ಇನ್ನೂ ಅಭ್ಯಾಸ ಮಾಡಿರುವುದಿಲ್ಲ.

ಪವನ್ ಸೆಹ್ರಾವತ್: 2018ರ ಆವೃತ್ತಿ

ಬೆಂಗಳೂರು ಬುಲ್ಸ್ ತಂಡದ ಪವನ್ ಸೆಹ್ರಾವತ್ ಅವರ 2018ರ ಆಟ ಈ ವಿಷಯಕ್ಕೆ ಉತ್ತಮ ನಿದರ್ಶನ. ಹಿಂದಿನ ಆವೃತ್ತಿಯಲ್ಲಿ ಗುಜರಾತ್ ತಂಡದಲ್ಲಿದ್ದ ಅವರಿಗೆ ಹೆಚ್ಚು ಅವಕಾಶ ದೊರೆತಿರಲಿಲ್ಲ. 2018ರ ಅಕ್ಟೋಬರ್‌ನಲ್ಲಿ ಪ್ರೊ ಕಬಡ್ಡಿಯ ಆರನೇ ಆವೃತ್ತಿಯ ತನ್ನ ಮೊದಲ ಪಂದ್ಯದಲ್ಲಿ ಬುಲ್ಸ್ ತಂಡವು ತಮಿಳ್ ತಲೈವಾಸ್ ವಿರುದ್ಧ 48–37ರಿಂದ ಗೆದ್ದಿತು. ಪವನ್ ಒಬ್ಬರೇ 20 ಅಂಕ ಗಳಿಸಿದರು.

ಆ ಒಂದು ಪಂದ್ಯವನ್ನೇ ಅಳತೆಗೋಲಾಗಿ ಹಿಡಿದಿದ್ದರೆ 24 ಪಂದ್ಯಗಳಲ್ಲಿ 480 ಅಂಕಗಳ ನಿರೀಕ್ಷೆ ಹುಟ್ಟುತ್ತಿತ್ತು. ಆವೃತ್ತಿ ಮುಗಿದಾಗ ಅವರ ದಾಳಿ ಅಂಕಗಳು 271, ಪಂದ್ಯಕ್ಕೆ ಸರಾಸರಿ 11.3. ಮೊದಲ ಪಂದ್ಯದ ಸುಮಾರು ಅರ್ಧದಷ್ಟೇ ಆದ ಈ ಸರಾಸರಿಯೇ ಆ ಆವೃತ್ತಿಯಲ್ಲಿ ಅವರನ್ನು ಅತಿ ಹೆಚ್ಚು ದಾಳಿ ಅಂಕ ಗಳಿಸಿದ ಆಟಗಾರನನ್ನಾಗಿ ಮಾಡಿತು. 2019ರ ಜನವರಿ 5ರಂದು ಮುಂಬೈಯಲ್ಲಿ ನಡೆದ ಫೈನಲ್‌ನಲ್ಲಿ ಬುಲ್ಸ್ ಗುಜರಾತ್ ತಂಡವನ್ನು 38–33ರಿಂದ ಸೋಲಿಸಿ ಮೊದಲ ಬಾರಿ ಪ್ರಶಸ್ತಿ ಪಡೆಯಿತು. ತಂಡದ 38 ಅಂಕಗಳಲ್ಲಿ 22 ಪವನ್ ಅವರವು. ಮೊದಲ ಪಂದ್ಯ ನೀಡಿದ ಸೂಚನೆಯ ದಿಕ್ಕು ಸರಿಯಾಗಿತ್ತು. ಅದರ ಪ್ರಮಾಣ ಮಾತ್ರ ಉತ್ಪ್ರೇಕ್ಷಿತವಾಗಿತ್ತು.

ಮುಂದಿನ ಆವೃತ್ತಿಯಲ್ಲಿ, 2019ರ ಅಕ್ಟೋಬರ್ 2ರಂದು, ಅವರು ಹರಿಯಾಣ ಸ್ಟೀಲರ್ಸ್ ವಿರುದ್ಧ ಒಂದೇ ಪಂದ್ಯದಲ್ಲಿ 39 ದಾಳಿ ಅಂಕ ಗಳಿಸಿ ದಾಖಲೆ ಬರೆದರು. ಆ ಆವೃತ್ತಿಯಲ್ಲಿ 346 ದಾಳಿ ಅಂಕಗಳೊಂದಿಗೆ ಅವರೇ ಮುಂದಿದ್ದರು. ಆದರೂ ಅತ್ಯಮೂಲ್ಯ ಆಟಗಾರ ಪ್ರಶಸ್ತಿ 301 ದಾಳಿ ಅಂಕ ಗಳಿಸಿದ, ಪಂದ್ಯದಿಂದ ಪಂದ್ಯಕ್ಕೆ ಸೂಪರ್ 10 ಸಾಧಿಸುತ್ತ ಬಂದ ದಬಂಗ್ ಡೆಲ್ಲಿಯ ನವೀನ್ ಕುಮಾರ್ ಅವರಿಗೆ ಸಂದಿತು.

ಇತರ ಕ್ರೀಡೆಗಳಲ್ಲಿ

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್‌ನ ಎಸೆತಗಳನ್ನು ಒಂದೇ ಸೂತ್ರದಿಂದ ಅಳೆಯುವ ಪದ್ಧತಿಯಿದೆ. ಎಸೆತದಿಂದ ಬಂದ ಗಜಗಳನ್ನು 8.4ರಿಂದ, ಟಚ್‌ಡೌನ್‌ಗಳನ್ನು 330ರಿಂದ, ಪೂರ್ಣಗೊಂಡ ಎಸೆತಗಳನ್ನು 100ರಿಂದ ಗುಣಿಸಿ ಕೂಡುತ್ತಾರೆ. ಎದುರಾಳಿಯ ಕೈಸೇರಿದ ಪ್ರತಿ ಎಸೆತಕ್ಕೆ 200 ಕಳೆದು, ಬಂದ ಮೊತ್ತವನ್ನು ಒಟ್ಟು ಎಸೆತಗಳಿಂದ ಭಾಗಿಸುತ್ತಾರೆ. 30 ಎಸೆತಗಳಲ್ಲಿ 20 ಪೂರ್ಣಗೊಂಡು, 240 ಗಜ, 2 ಟಚ್‌ಡೌನ್ ಬಂದು, ಒಂದು ಎಸೆತ ಎದುರಾಳಿಯ ಪಾಲಾಗಿದ್ದರೆ ಫಲಿತಾಂಶ 149.2. ಲಾಭದೊಂದಿಗೆ ನಷ್ಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಈ ಸೂತ್ರದ ಗುಣ. ಎದುರಾಳಿಯ ಬಲವನ್ನಾಗಲಿ, ಕ್ವಾರ್ಟರ್‌ಬ್ಯಾಕ್‌ಗೆ ರಕ್ಷಣೆ ನೀಡುವ ಸಹ ಆಟಗಾರರ ಆಟವನ್ನಾಗಲಿ ಪರಿಗಣಿಸದಿರುವುದು ಅದರ ಕೊರತೆ.

ಕ್ರಿಕೆಟ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣವೇ ಎರಡು ನಿದರ್ಶನಗಳನ್ನು ಕಂಡಿದೆ. 2008ರ ಏಪ್ರಿಲ್ 18ರಂದು ಐಪಿಎಲ್‌ನ ಪ್ರಪ್ರಥಮ ಪಂದ್ಯದಲ್ಲಿ ಕೋಲ್ಕತ್ತ ನೈಟ್ ರೈಡರ್ಸ್‌ನ ಬ್ರೆಂಡನ್ ಮೆಕಲಮ್ 73 ಎಸೆತಗಳಲ್ಲಿ ಅಜೇಯ 158 ರನ್ ಗಳಿಸಿದರು. ರಾಯಲ್ ಚಾಲೆಂಜರ್ಸ್ ತಂಡದ ಒಟ್ಟು ಮೊತ್ತ 82. ಆದರೆ ಆ ಆವೃತ್ತಿಯಲ್ಲಿ ಆಡಿದ ನಾಲ್ಕು ಪಂದ್ಯಗಳಿಂದ ಮೆಕಲಮ್ ಗಳಿಸಿದ್ದು 188 ರನ್. ಉಳಿದ ಮೂರು ಪಂದ್ಯಗಳ ಪಾಲು 30 ಮಾತ್ರ. 2016ರ ಏಪ್ರಿಲ್ 12ರಂದು ರಾಯಲ್ ಚಾಲೆಂಜರ್ಸ್ ತನ್ನ ಮೊದಲ ಪಂದ್ಯದಲ್ಲಿ ಸನ್‌ರೈಸರ್ಸ್ ಹೈದರಾಬಾದ್ ತಂಡವನ್ನು 45 ರನ್‌ಗಳಿಂದ ಸೋಲಿಸಿತು. ವಿರಾಟ್ ಕೊಹ್ಲಿ 75 ರನ್ ಗಳಿಸಿದರು. ಕೊಹ್ಲಿ ಆ ಆವೃತ್ತಿಯನ್ನು 973 ರನ್‌ಗಳೊಂದಿಗೆ ಮುಗಿಸಿದರು. ಆದರೆ ಮೇ 29ರಂದು ಅದೇ ಮೈದಾನದಲ್ಲಿ ನಡೆದ ಫೈನಲ್‌ನಲ್ಲಿ ಅದೇ ಸನ್‌ರೈಸರ್ಸ್ 8 ರನ್‌ಗಳಿಂದ ಗೆದ್ದು ಪ್ರಶಸ್ತಿ ಪಡೆಯಿತು.

ಕಾಲೇಜು ಮತ್ತು ಗ್ರಾಮೀಣ ಮಟ್ಟದಲ್ಲಿ

ವೃತ್ತಿಪರ ಲೀಗ್‌ನಲ್ಲಿ ಮೊದಲ ಪಂದ್ಯದ ತಪ್ಪು ತೀರ್ಮಾನವನ್ನು ಮುಂದಿನ ಹಲವು ಪಂದ್ಯಗಳು ತಿದ್ದುತ್ತವೆ. ಅಂತರ ಕಾಲೇಜು ಪಂದ್ಯಾವಳಿಯಲ್ಲಿ ಈ ಅವಕಾಶವಿರುವುದಿಲ್ಲ. ನಾಕೌಟ್ ಪದ್ಧತಿಯಲ್ಲಿ ಮೊದಲ ಪಂದ್ಯ ಸೋತ ತಂಡ ಅಲ್ಲಿಗೇ ಹೊರಬೀಳುತ್ತದೆ. ಹನೂರು ತಾಲ್ಲೂಕಿನ ಲೊಕ್ಕನಹಳ್ಳಿಯಂತಹ ಊರಿನಿಂದ ಕಾಲೇಜು ತಂಡಕ್ಕೆ ಬಂದ ವಿದ್ಯಾರ್ಥಿಯೊಬ್ಬನನ್ನು ಆಯ್ಕೆಗಾರರು ವರ್ಷದಲ್ಲಿ ನೋಡುವುದು ಒಂದೆರಡು ಪಂದ್ಯಗಳಲ್ಲಿ ಮಾತ್ರ ಆಗಿರಬಹುದು. ವಿಶ್ವವಿದ್ಯಾಲಯ ತಂಡದ ಸ್ಥಾನವೂ ಅದರೊಂದಿಗೆ ಬರುವ ಅವಕಾಶಗಳೂ ಆ ನಲವತ್ತು ನಿಮಿಷಗಳ ಮೇಲೆ ನಿಂತಿರುತ್ತವೆ. ಮಣ್ಣಿನ ಅಂಕಣದಲ್ಲಿ ಬರಿಗಾಲಿನಲ್ಲಿ ಆಡಿ ಬೆಳೆದವನಿಗೆ ಮ್ಯಾಟ್ ಮೇಲೆ ಬೂಟು ತೊಟ್ಟು ಆಡುವ ಮೊದಲ ಪಂದ್ಯ ಇನ್ನಷ್ಟು ಕಠಿಣ.

ಇಂಥ ಪಂದ್ಯಗಳಲ್ಲಿ ವಿಡಿಯೊ ವಿಶ್ಲೇಷಣೆ ಇಲ್ಲದಿದ್ದರೂ ಒಂದು ನೋಟ್‌ಪುಸ್ತಕದಲ್ಲಿ ಪ್ರತಿ ದಾಳಿಗೂ ಐದು ವಿವರಗಳನ್ನು ಬರೆದಿಡಬಹುದು: ರೈಡರ್ ಯಾರು, ಎದುರಾಳಿ ಅಂಕಣದಲ್ಲಿ ಎಷ್ಟು ಮಂದಿ ಇದ್ದರು, ಫಲಿತಾಂಶವೇನು, ಅದು ಮೂರನೆಯ ನಿರ್ಣಾಯಕ ದಾಳಿಯೇ, ಆ ಕ್ಷಣದಲ್ಲಿ ತಂಡ ಎಷ್ಟು ಅಂಕ ಮುಂದೆ ಅಥವಾ ಹಿಂದೆ ಇತ್ತು. ಅಭ್ಯಾಸ ಪಂದ್ಯಗಳಿಂದಲೇ ಹೀಗೆ ಬರೆದಿಟ್ಟರೆ ಆಯ್ಕೆಯ ಹೊತ್ತಿಗೆ 20 ದಾಳಿಗಳ ಬದಲು ನೂರಾರು ದಾಳಿಗಳ ದಾಖಲೆ ಕೈಯಲ್ಲಿರುತ್ತದೆ.

ಮಿತಿಗಳು

ದೀರ್ಘಾವಧಿಯ ಅಂಕಿಗಳೂ ಸಂಪೂರ್ಣವಲ್ಲ. ದಾಳಿಗಳು ನಿಜವಾಗಿ ಪರಸ್ಪರ ಸ್ವತಂತ್ರವಲ್ಲ. ಆಯಾಸ, ಗಾಯ, ಎದುರಾಳಿಯ ತಂತ್ರ ಅವುಗಳನ್ನು ಬೆಸೆಯುತ್ತವೆ. ಮೊದಲ ಪಂದ್ಯದಿಂದ ಏನೂ ತಿಳಿಯುವುದಿಲ್ಲ ಎನ್ನುವುದೂ ಸರಿಯಲ್ಲ. ಅಂಕಗಳು ಆಕಸ್ಮಿಕಕ್ಕೆ ಒಳಪಟ್ಟಿದ್ದರೂ ಕಾಲಿನ ಚಲನೆ, ಉಸಿರಿನ ಹಿಡಿತ, ಮಧ್ಯದ ಗೆರೆಗೆ ಮರಳುವ ವೇಗ, ಯಾವ ದಾಳಿಯಲ್ಲಿ ಅಪಾಯ ತೆಗೆದುಕೊಳ್ಳಬೇಕೆಂಬ ವಿವೇಚನೆ ಒಂದೇ ಪಂದ್ಯದಲ್ಲೂ ಗೋಚರಿಸುತ್ತವೆ. ಆದ್ದರಿಂದ ಮೊದಲ ಪಂದ್ಯದಲ್ಲಿ ಅಂಕಗಳಿಗಿಂತ ಆಟದ ಕ್ರಮಕ್ಕೂ, ಋತು ಸಾಗಿದಂತೆ ಅಂಕಿ ಅಂಶಗಳಿಗೂ ಹೆಚ್ಚು ತೂಕ ನೀಡುವುದು ಸಮಂಜಸ.

ಇವನ್ನೂ ನೋಡಿ

ಕಬಡ್ಡಿ
ಪ್ರೊ ಕಬಡ್ಡಿ ಲೀಗ್
ಬೆಂಗಳೂರು ಬುಲ್ಸ್
ಅಮೆರಿಕನ್ ಫುಟ್‌ಬಾಲ್